ಮಾವನ ಎತ್ತು ಮತ್ತು ಒಂಬತ್ತನೆಯ ಸೂತ್ರ

ನನ್ನಲ್ಲಿ ಒಂದು ದುರ್ಗುಣವಿದೆ. ಮನುಷ್ಯರು ಹೇಳಿದ ಬುದ್ಧಿಮಾತು ನನ್ನ ತಲೆಗೆ ಹತ್ತುವುದಿಲ್ಲ. ಅದೇ ಮಾತು ಅಚ್ಚಾಗಿ ಬಂದರೆ ಹತ್ತುತ್ತದೆ. ಕುರುಗೋಡಿನಲ್ಲಿ ನಮ್ಮವ್ವ ಇಪ್ಪತ್ತು ವರ್ಷ ಬೆಳಗಾದರೆ ಬೇಗ ಏಳೆಂದು ಕೂಗಿದ್ದು ನನಗೆ ಕೇಳಿಸಿರಲಿಲ್ಲ. ಒಂದು ಪುಸ್ತಕ ಅದನ್ನೇ ಹೇಳಿದಾಗ ಅಂದೇ ಹೋಗಿ ಅಲಾರಂ ಗಡಿಯಾರ ಕೊಂಡು ತಂದೆ.

ಆ ಪುಸ್ತಕ ಸಿಕ್ಕಿದ್ದು ಬಳ್ಳಾರಿ ಸ್ಟೇಷನ್ನಿನ ಎದುರು, ಗೋಣಿತಟ್ಟಿನ ಮೇಲೆ ಹಳೆಯ ಪುಸ್ತಕ ಹರವಿಕೊಂಡು ಕೂರುತ್ತಿದ್ದ ಸಾಬರ ಹತ್ತಿರ. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನಾಗ ಬಳ್ಳಾರಿಯ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರು. ಗಿರಿಜೆಯನ್ನು ಮದುವೆಯಾಗಿ ವರ್ಷ ತುಂಬಿತ್ತು. ಪುಸ್ತಕ ತೆಲುಗಿನದು. ಅದೇನೂ ಅಡ್ಡಿಯಲ್ಲ, ಬಳ್ಳಾರಿಯವರು ಅರ್ಧ ವ್ಯವಹಾರವನ್ನು ತೆಲುಗಿನಲ್ಲೇ ಮುಗಿಸುವವರು. ರಟ್ಟೂ ಮೊದಲ ಹಾಳೆಗಳೂ ಹರಿದುಹೋಗಿದ್ದರಿಂದ ಬರೆದ ಪುಣ್ಯಾತ್ಮ ಯಾರೆಂದು ಇವತ್ತಿಗೂ ನನಗೆ ತಿಳಿಯದು. ಒಳಗೆ ಮನುಷ್ಯ ಉದ್ಧಾರವಾಗಲು ಹನ್ನೆರಡು ಸೂತ್ರಗಳಿದ್ದವು.

ಶ್ರದ್ಧೆಯಿಂದ ಮೊದಲಿನಿಂದ ಹೊರಟೆ. ಬೇಗ ಏಳುವುದು ನಾಲ್ಕು ದಿನ ನಡೆಯಿತು. ತಣ್ಣೀರು ಸ್ನಾನ ಮಾಡಬೇಕೆಂದಿತ್ತು; ಏಪ್ರಿಲ್ ತಿಂಗಳಲ್ಲಿ ಬಳ್ಳಾರಿಯ ನಲ್ಲಿಯಿಂದ ತಣ್ಣೀರು ಬರುವುದನ್ನು ಆ ಲೇಖಕ ತೋರಿಸಿಕೊಟ್ಟಿದ್ದರೆ ಖಂಡಿತ ಮಾಡುತ್ತಿದ್ದೆ. ತುತ್ತನ್ನು ಮೂವತ್ತೆರಡು ಸಲ ಅಗಿಯಬೇಕೆಂಬ ಸೂತ್ರದಿಂದ ಶಾಲೆಗೆ ದಿನವೂ ತಡವಾಯಿತು. ಕನ್ನಡಿಯ ಮುಂದೆ ನಿಂತು ನಗುವುದನ್ನು ಅಭ್ಯಾಸ ಮಾಡುತ್ತಿದ್ದಾಗ ಗಿರಿಜೆ ಕಂಡು, ಹಲ್ಲುನೋವೇ ಎಂದು ಕೇಳಿದಳು. ಹೀಗೆ ಎಂಟು ಸೂತ್ರಗಳನ್ನು ದಾಟಿ ಒಂಬತ್ತನೆಯದಕ್ಕೆ ಬಂದೆ. 'ಹತ್ತಿರದವರ ಒಳ್ಳೆಯದನ್ನು ಬಾಯಿಬಿಟ್ಟು ಹೊಗಳು. ನಾಲ್ಕು ಜನರ ಎದುರಿಗೆ ಹೊಗಳು. ನಾಳೆಗೆ ಮುಂದೂಡಬೇಡ.' ಕೆಳಗೆ ಕೆಂಪು ಪೆನ್ಸಿಲಿನಿಂದ ಎರಡು ಗೆರೆ ಎಳೆದೆ. ಖರ್ಚಿಲ್ಲದ, ಹೊಟ್ಟೆಗೆ ತೊಂದರೆ ಕೊಡದ ಸೂತ್ರ ಎನಿಸಿತು.

ಅದನ್ನು ಮೊದಲು ಪ್ರಯೋಗಿಸಿದ್ದು ನಮ್ಮ ಮಾವನ ಎತ್ತಿನ ಮೇಲೆ.

ಮಾವ, ಅಂದರೆ ಗಿರಿಜೆಯ ಅಪ್ಪ, ಸಿರುಗುಪ್ಪದಿಂದಾಚೆ ಕೆಂಚನಗುಡ್ಡದ ಹತ್ತಿರ ಹೊಳೆಯ ದಂಡೆಯಲ್ಲಿ ಭತ್ತ ಬೆಳೆಯುವವರು. ಮಾತು ಕಡಿಮೆ. ಆಡಿದರೂ ಅರ್ಧ ಮಾತನ್ನು ಹೆಗಲ ಮೇಲಿನ ಟವೆಲ್ಲೇ ಆಡುತ್ತಿತ್ತು. ಕೊಡವಿದರೆ ಸಿಟ್ಟು, ಮುಖ ಒರೆಸಿಕೊಂಡರೆ ಸಮಾಧಾನ. ನಾವು ಹೋದಾಗ ಅಂಗಳದಲ್ಲಿ ಹೊಸದಾಗಿ ತಂದ ಬಿಳಿ ಎತ್ತೊಂದನ್ನು ಕಟ್ಟಿದ್ದರು, ಸುತ್ತ ಊರಿನ ನಾಲ್ಕೈದು ಜನ ಕೂತಿದ್ದರು. ಸೂತ್ರಕ್ಕೆ ಬೇಕಾದ ಜನಸಂಖ್ಯೆ ಸರಿಯಾಗಿ ಇತ್ತು. ಇಂಥ ಎತ್ತು ಇಡೀ ಸಿರುಗುಪ್ಪ ತಾಲ್ಲೂಕಿನಲ್ಲಿಲ್ಲವೆಂದೆ. ಕೊಂಬನ್ನು ಹೊಗಳಿದೆ, ಬೆನ್ನ ಮೇಲಿನ ಇಣಿಯನ್ನು ಹೊಗಳಿದೆ, ಬಾಲವನ್ನೂ ಬಿಡಲಿಲ್ಲ. ಕೂತವರೆಲ್ಲ ಒಬ್ಬೊಬ್ಬರಾಗಿ ನೆಲ ನೋಡತೊಡಗಿದರು. ಮಾವ ಟವೆಲ್ಲನ್ನು ಕೊಡವಿ ಒಳಗೆ ಹೋದರು.

ನನಗೆ ಗೊತ್ತಿರಲಿಲ್ಲವೆಂದಲ್ಲ. ನಮ್ಮ ಕಡೆ ಕೂಸು, ದನ, ಫಸಲು ಇವುಗಳನ್ನು ಹೊಗಳಬಾರದು, ದೃಷ್ಟಿಯಾಗುತ್ತದೆ. ಬಾಯಿತಪ್ಪಿ ಹೊಗಳಿದರೆ ಪಕ್ಕಕ್ಕೆ ತಿರುಗಿ ಮೂರು ಸಲ ಥೂ ಥೂ ಎನ್ನಬೇಕು. ಇದು ತೊಟ್ಟಿಲ ಕೂಸಿಗೂ ಗೊತ್ತು. ಕುರುಗೋಡಿನಲ್ಲಿ ಆಳೆತ್ತರವನ್ನೂ ಮೀರಿದ ಕಲ್ಲಿನ ಬಸವಣ್ಣನಿದ್ದಾನೆ. ಬಾಯ್ತುಂಬ ದೊಡ್ಡ ಬಸವಣ್ಣ ಎಂದು ನಾವು ಕರೆಯುವ ಎತ್ತು ಅದೊಂದೇ, ಏಕೆಂದರೆ ಕಲ್ಲು ದೃಷ್ಟಿ ತಗುಲಿ ಮೇವು ಬಿಡುವುದಿಲ್ಲ. ಇಷ್ಟೆಲ್ಲ ತಿಳಿದೂ ಹೊಗಳಿದೆ. ಓದಿದವನ ಹಮ್ಮು, ಮತ್ತೇನು?

ಬಳ್ಳಾರಿಗೆ ಮರಳಿದ ಐದನೆಯ ದಿನ ಸಿರುಗುಪ್ಪದ ಬಸ್ಸಿನಲ್ಲಿ ಬಂದ ಅವರ ಊರಿನವರೊಬ್ಬರು ಎತ್ತು ಮೇವು ಬಿಟ್ಟಿದೆಯೆಂದರು. ಮುಂಗಾಲು ಊದಿಕೊಂಡು ಮಲಗಿಬಿಟ್ಟಿತ್ತಂತೆ. ಇಷ್ಟು ಹೇಳಿ, ಮನೆಯೊಳಗೆ ಬಾರದೆ, ನೀರೂ ಕುಡಿಯದೆ ಹೊರಟುಹೋದರು.

ಎತ್ತಿನ ಕಾಲಿನ ಜೊತೆ ನಮ್ಮ ಮನೆಯ ಒಂದು ದೊಡ್ಡ ವಿಷಯ ತಗುಲಿಕೊಂಡಿತ್ತು. ಗಿರಿಜೆಗೆ ಆರನೆಯ ತಿಂಗಳು. ಏಳರಲ್ಲಿ ತವರಿನವರು ಬಂದು ಕುಬುಸದ ಶಾಸ್ತ್ರ ಮಾಡಿ, ಚೊಚ್ಚಲ ಹೆರಿಗೆಗೆ ಮಗಳನ್ನು ಕರೆದುಕೊಂಡು ಹೋಗಬೇಕು. ಗಿರಿಜೆಗೆ ತಾಯಿಯಿಲ್ಲ, ಬರಬೇಕಾದದ್ದು ಅಪ್ಪನೇ. ಏಳು ತುಂಬಿತು, ಅಪ್ಪ ಬರಲಿಲ್ಲ. ಕರೆಯದೆ ಕಳಿಸಿದರೆ ಹುಡುಗಿಯ ಮಾನ ಹೋಗುತ್ತದೆಂದು ನಮ್ಮವ್ವ ಕುರುಗೋಡಿನಿಂದ ಹೇಳಿಕಳಿಸಿದಳು. ಸಿರುಗುಪ್ಪದ ಬಸ್ಸು ಬರುವ ಹೊತ್ತಿಗೆ ಗಿರಿಜೆ ದಿನವೂ ಕಟ್ಟೆಯ ಮೇಲೆ ಬಂದು ಕೂರುವಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ದಾರಿ ಕಾಣದೆ ಮತ್ತೆ ಪುಸ್ತಕವನ್ನೇ ತೆರೆದೆ. ಹತ್ತನೆಯ ಸೂತ್ರ: ತಪ್ಪು ಮಾಡಿದರೆ ತಡಮಾಡದೆ, ಮುಚ್ಚುಮರೆಯಿಲ್ಲದೆ ಒಪ್ಪಿಕೊ. ಹೋದೆ. ಮಾವನ ಅಂಗಳದಲ್ಲಿ ನಿಂತು ತಪ್ಪು ನನ್ನದೇ ಎಂದು ಸ್ಪಷ್ಟವಾಗಿ ಹೇಳಿದೆ. ಅಲ್ಲಿಯವರೆಗೆ ಊರಿನವರಿಗೆ ಬರೀ ಅನುಮಾನವಿತ್ತು. ಈಗ ದೃಷ್ಟಿ ಹಾಕಿದವನು ತಾನೇ ಬಂದು ಒಪ್ಪಿಕೊಂಡಹಾಗಾಯಿತು. ಪಕ್ಕದ ಮನೆಯವರು ತಮ್ಮ ಕರುವನ್ನು ಮೆಲ್ಲಗೆ ಒಳಗೆ ಕಟ್ಟಿದರು. ಮಾವ, ಉಂಡು ಹೋಗ್ರಿ ಎಂದರು, ಅಷ್ಟೇ. ಉಂಡು ಬಂದೆ.

ಮನೆಗೆ ಬಂದು ಎಲ್ಲವನ್ನೂ ಹೇಳಿಕೊಂಡಾಗ ಗಿರಿಜೆ ಮೊದಲ ಸಲ ಬಾಯಿಬಿಟ್ಟಳು.

"ನಮ್ಮಪ್ಪಗ ಎತ್ತಿನ ಸಿಟ್ಟಲ್ಲರೀ. ಸ್ವಂತದ್ದನ್ನ ಯಾರೂ ಹೊಗಳಂಗಿಲ್ಲ. ಹೊರಗಿನವರು ಹೊಗಳ್ತಾರ. ಮಗನಂಗ ಇರ್ತಾನ ಅಂತ ನಿಮಗ ಮಗಳನ್ನ ಕೊಟ್ಟಾನ, ನೀವು ಸಂತ್ಯಾಗ ನಿಂತವರಂಗ ಮಾತಾಡಿ ಬಂದ್ರಿ. ಹೋಗಿ ಎತ್ತನ್ನ ಬೈದು ಬರ್ರಿ."

ಮೂರನೆಯ ಸಲ ಬಸ್ಸು ಹತ್ತಿದೆ. ಪುಸ್ತಕ ಮನೆಯಲ್ಲೇ ಇತ್ತು. ಎತ್ತು ಎದ್ದು ನಿಂತಿತ್ತು, ಮೇವು ತಿನ್ನುತ್ತಿತ್ತು, ಮೊದಲಿಗಿಂತ ಮಿಂಚುತ್ತಿತ್ತು. ಅದೇ ಜನ ಕೂತಿದ್ದರು. ನನ್ನನ್ನು ಕಂಡು ಒಬ್ಬರು ಎದ್ದು ಎತ್ತಿಗೆ ಅಡ್ಡವಾಗಿ ನಿಂತರು. ನಾನು ಗಂಟಲು ಸರಿಮಾಡಿಕೊಂಡೆ.

"ಇದೂ ಒಂದು ಎತ್ತೇನ್ರಿ ಮಾವ? ನಮ್ಮ ಬಳ್ಳಾರಿ ಜಟಕಾ ಕುದುರಿನ ಇದಕ್ಕಿಂತ ವಾಸಿ ಐತಿ."

ಮಾವ ನನ್ನನ್ನೇ ನೋಡಿದರು. ಆಮೇಲೆ ಟವೆಲ್ ತೆಗೆದು ನಿಧಾನವಾಗಿ ಮುಖ ಒರೆಸಿಕೊಂಡರು.

"ಸೋಮವಾರ ಬರ್ತೀನಿ," ಎಂದರು. "ಆಕಿಗೆ ಹೇಳ್ರಿ."

ಹುಡುಗಿ ಹುಟ್ಟಿದ್ದು ಆ ಮನೆಯಲ್ಲೇ. ಮಾವ ಮೊಮ್ಮಗಳನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಹಳ ಹೊತ್ತು ನೋಡಿ, ಥೂ, ಕಾಗಿ ಮರಿ ಇದ್ದಂಗ ಐತಿ ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ನಾವಿಟ್ಟ ಹೆಸರು ಶಾರದಾ. ಅಜ್ಜನಿಗೆ ಕೊನೆಯವರೆಗೂ ಅವಳು ಕಾಗಿಯೇ.

ನನಗೆ ಆಗ ಜ್ಞಾನೋದಯವೇ ಆಯಿತೆನ್ನಬೇಕು. ಒಂಬತ್ತನೆಯ ತರಗತಿಗೆ ವರ್ಷಕ್ಕೊಮ್ಮೆ ವ್ಯಾಜಸ್ತುತಿ ಅಲಂಕಾರ ಪಾಠ ಮಾಡುತ್ತಿದ್ದೆ: ಮೇಲುನೋಟಕ್ಕೆ ನಿಂದೆ, ಒಳಗೆ ಸ್ತುತಿ. ಉದಾಹರಣೆಗೆ ಹಳೆಯ ಕಾವ್ಯಗಳನ್ನು ತಡಕಾಡುತ್ತಿದ್ದೆ. ಅಲಂಕಾರ ನಮ್ಮ ಮಾವನ ಅಂಗಳದಲ್ಲಿ ಮೇವು ತಿನ್ನುತ್ತ ನಿಂತಿತ್ತು. ಪುಸ್ತಕವನ್ನು ಅಟ್ಟಕ್ಕೆಸೆದು ಊರಿನವರ ರೀತಿಯನ್ನೇ ಹಿಡಿದೆ. ಅಡುಗೆ ರುಚಿಯಾಗಿದ್ದರೆ ಉಪ್ಪು ಹೆಚ್ಚೆಂದೆ. ಮಗಳು ಚೆನ್ನಾಗಿ ಹಾಡಿದರೆ ಕಿಟಕಿ ಮುಚ್ಚು ಎಂದೆ. ನಾನು ಮಣ್ಣಿನ ಮನುಷ್ಯನಾದೆನೆಂದು ಒಳಗೊಳಗೇ ಹೆಮ್ಮೆಯಿಂದ ಇದ್ದೆ, ಸುಮಾರು ಹದಿನಾರು ವರ್ಷ.

ಶಾರದಾ ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲಿಗಳಾದಳು. ನೆರೆಹೊರೆಯವರು ಬಂದು ಹೋದರು. ನಾನು ಅಂಕಪಟ್ಟಿ ನೋಡಿ, ಗಣಿತದಲ್ಲಿ ಉಳಿದ ಮೂರು ಎಲ್ಲಿ ಹೋದವೆಂದು ಕೇಳಿದೆ. ಒಳ್ಳೆಯ ವ್ಯಾಜಸ್ತುತಿ ಎಂದೇ ನನ್ನ ಭಾವನೆ. ಅವಳು ಹಳೆಯ ಪಠ್ಯಪುಸ್ತಕಗಳನ್ನು ಅಟ್ಟಕ್ಕೆ ಹಾಕಲು ಏಣಿ ಹತ್ತಿದಳು. ಇಳಿದಾಗ ಕೈಯಲ್ಲಿ ಆ ರಟ್ಟಿಲ್ಲದ ಪುಸ್ತಕವಿತ್ತು. ತೆಲುಗು ಲಿಪಿ ನಮ್ಮದಕ್ಕೆ ತಂಗಿಯಿದ್ದಹಾಗೆ, ಓದಲು ಕಲಿಯಬೇಕಿಲ್ಲ. ನನ್ನೆದುರು ಕೂತು, ಕೆಂಪು ಗೆರೆಯಿದ್ದ ಸಾಲನ್ನು ಅಕ್ಷರ ಅಕ್ಷರ ಕೂಡಿಸಿ ಓದಿದಳು. ಹತ್ತಿರದವರ ಒಳ್ಳೆಯದನ್ನು ಬಾಯಿಬಿಟ್ಟು ಹೊಗಳು. ನಾಳೆಗೆ ಮುಂದೂಡಬೇಡ.

"ಈ ಗೆರಿ ಹಾಕಿದಾಂವ ನೀನ ಹೌದಿಲ್ಲೋ?" ಎಂದು ಕೇಳಿದಳು.

ನಾನು ದೃಷ್ಟಿಯ ವಿಷಯ, ಎತ್ತಿನ ವಿಷಯ, ಅಜ್ಜನ ವಿಷಯ ಎಲ್ಲವನ್ನೂ ಹೇಳಿದೆ. ಅಜ್ಜ ತೀರಿಕೊಂಡು ಆಗ ಎರಡು ವರ್ಷ. ಅವಳು ಪೂರ್ತಿ ಕೇಳಿದಳು.

"ಅಜ್ಜ ಕಾಗಿ ಅಂತಿದ್ದ ಖರೆ. ಅಂದಾಗೆಲ್ಲ ತಲಿ ಸವರತಿದ್ದ," ಎಂದಳು. "ನೀನು ಒಂದು ಸಲನೂ ಸವರಿಲ್ಲಪ್ಪ."

ಮಾವನ ಒರಟು ಮಾತಿನ ಹಿಂದೆ ಎರಡು ಕೈಗಳಿದ್ದವು, ಒದ್ದೆ ಕಣ್ಣಿತ್ತು. ನಾನು ಮಾತನ್ನಷ್ಟೇ ಉರು ಹೊಡೆದಿದ್ದೆ. ಊರನ್ನೂ ಪುಸ್ತಕ ಓದಿದಹಾಗೆಯೇ ಓದಿದ್ದೆ. ಅಲಾರಂ ಗಡಿಯಾರದಿಂದ ಹಿಡಿದು ಈ ಬೈಗುಳದವರೆಗೆ ನಾನು ಆಚರಣೆಗೆ ತಂದದ್ದೆಲ್ಲ ಬರೀ ವಾಕ್ಯಗಳು. ಹದಿನಾರು ವರ್ಷ ನನ್ನ ಮಗಳು ವಾಕ್ಯದ ಹಿಂದೆ ಏನಾದರೂ ಇದೆಯೇ ಎಂದು ಕಾದು ಕೂತಿದ್ದಳು. ಅವಳಮ್ಮ ಕಟ್ಟೆಯ ಮೇಲೆ ಬಸ್ಸಿಗೆ ಕಾದದ್ದು ಒಂದೇ ತಿಂಗಳು.

ಅವಳ ತಲೆಯ ಮೇಲೆ ಕೈ ಇಟ್ಟೆ. ಅಭ್ಯಾಸವಿಲ್ಲದ ಕೈ, ಸ್ವಲ್ಪ ಭಾರವಾಗಿಯೇ ಬಿದ್ದಿರಬೇಕು.

"ನೀನು ಭಾಳ ಶಾಣ್ಯಾಕಿ ಅದಿ, ಶಾರದಾ. ನೀ ಹುಟ್ಟಿದ ದಿನದಿಂದ ನನಗ ನಿನ್ನ ಮ್ಯಾಲ ಹೆಮ್ಮಿ ಐತಿ."

ಹೇಳಿದ ಮರುಕ್ಷಣವೇ ಬಿಳಿ ಎತ್ತು ಕಣ್ಣೆದುರು ಬಂದು ನಿಂತಿತು. ಪಕ್ಕಕ್ಕೆ ತಿರುಗಿ ಥೂ ಅನ್ನೋಣವೆಂದರೆ ಕೈ ಅವಳ ತಲೆಯಿಂದ ಜಾರೀತೆಂದು ತಡೆದೆ. ಶಾರದಾ ನನ್ನ ಮುಖ ನೋಡಿದಳು, ಅವಳಿಗೆ ತಿಳಿಯಿತು. ಕಣ್ಣೊರೆಸಿಕೊಂಡು, ನನ್ನ ಕೈ ಸರಿಯದ ಹಾಗೆ ತಲೆಯನ್ನು ಒಂದಿಷ್ಟೇ ಪಕ್ಕಕ್ಕೆ ತಿರುಗಿಸಿ, ನನ್ನ ಪರವಾಗಿ ತಾನೇ ಮೂರು ಸಲ ಥೂ ಥೂ ಥೂ ಎಂದಳು.