ಹಾಡಿದಾಕಿ ಹೊರಗ ಬಾ

ನಿನ್ನೆ ಮಧ್ಯಾಹ್ನ ನಾನೂ ತಂಗಿ ರತ್ನಿಯೂ ಶೇಂಗಾ ಸುಲಿಯುತ್ತ ಕೂತಿದ್ದೆವು. ಅವಳು ಕೊಟ್ಟೂರಿನಿಂದ ಮೊಮ್ಮಗಳನ್ನೂ ಕರೆತಂದಿದ್ದಳು. ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬ ಮೇಷ್ಟ್ರು ಹಾಡಿನ ನಾಟಕ ಕಟ್ಟುತ್ತಿದ್ದಾರಂತೆ. ಅದರಲ್ಲೊಂದು ಸಣ್ಣ ಹುಡುಗಿಯ ಪಾತ್ರ. ಮೊದಲು ಫೋನಿನಲ್ಲಿ ದನಿ ಕಳಿಸಿದರೆ ಸಾಕು ಎಂದಿದ್ದರಂತೆ. ಹುಡುಗಿ ಒಳಕೋಣೆಗೆ ಹೋಗಿ ರತ್ನಿಯ ಫೋನಿನಲ್ಲಿ ಹಾಡಿ, ಹೇಗೆ ಬಂದಿದೆ ನೋಡೋಣ ಎಂದು ಮೊದಲು ನನ್ನ ಫೋನಿಗೆ ಕಳಿಸಿದಳು. ಮುಖವಿಲ್ಲದ ದನಿಯೊಂದು ನನ್ನ ಮಡಿಲಿನಿಂದ ಎದ್ದಿತು. ಕೈಯಲ್ಲಿದ್ದ ಶೇಂಗಾ ಕೈಯಲ್ಲೇ ಉಳಿಯಿತು.

ಯಾಕೆಂದು ಹೇಳಬೇಕಾದರೆ ನಿಮ್ಮನ್ನು ಹಂಪಸಾಗರದ ಹತ್ತಿರದ ನಮ್ಮ ತವರುಮನೆಯ ಬಾಗಿಲಿಗೆ ಕರೆದೊಯ್ಯಬೇಕು. ನಾನು ಓದಿದ್ದು ನಾಲ್ಕನೇ ತರಗತಿ. ಮಾತು ಹಿಂದುಮುಂದಾದರೆ ನೀವೇ ಹೊಂದಿಸಿಕೊಳ್ಳಿ.

ನಮ್ಮೂರ ಗಂಡಸರು ಎರಡು ಮೂರು ವರ್ಷಕ್ಕೊಮ್ಮೆ ನಾಟಕ ಆಡುತ್ತಿದ್ದರು. ರಾಣಿಯ ಪಾತ್ರಕ್ಕೆ ಹೊರಗಿನಿಂದ ನಟಿ ಬರುತ್ತಿದ್ದಳು. ಎಳೆಯ ಹುಡುಗಿಯ ಪಾತ್ರವನ್ನು ಮಾತ್ರ ಊರಿನ ಹುಡುಗಿಗೇ ಕೊಡುತ್ತಿದ್ದರು. ಅವಳು ಇನ್ನೂ ಮೈನೆರೆದಿರಬಾರದು. ಹಾಗಾಗಿ ಆ ಭಾಗ್ಯ ಯಾರಿಗೆ ಬಂದರೂ ಒಂದೇ ಸಲ.

ಆರಿಸುತ್ತಿದ್ದವರು ಹೊಳಲಿನ ಕಡೆಯ ಪೇಟಿ ಮಾಸ್ತರು, ಹಾರ್ಮೋನಿಯಂ ಬಾರಿಸಿ ಹಾಡು ಕಲಿಸುವವರು. ಅವರು ಮನೆಮನೆಗೆ ಬಂದು, ಪೇಟಿ ಇಟ್ಟುಕೊಂಡು ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದರು. ಹುಡುಗಿಯರು ಮುಚ್ಚಿದ ಬಾಗಿಲ ಹಿಂದೆ ನಿಂತು ಹಾಡಬೇಕು. “ಮಕ ನೋಡಿದ್ರ ಚೆಂದಾಕೀನ ಮ್ಯಾಲ ಮನಸು ಹೋಗತೈತಿ. ಆಮ್ಯಾಲ ಕಿವಿ ನ್ಯಾಯ ಹೇಳಂಗಿಲ್ಲ” ಎನ್ನುವುದು ಅವರ ವಾದ. ಬಾಗಿಲ ಒಳಗಿನ ನ್ಯಾಯದ ಗೊಡವೆ ಅವರಿಗಿರಲಿಲ್ಲ.

ಅವರು ನಮ್ಮ ಮನೆಗೆ ಬಂದ ದಿನ ಅಪ್ಪ, ಅವ್ವ ಹೊಲದಲ್ಲಿದ್ದರು. ನನಗೆ ಹನ್ನೆರಡು ವರ್ಷ, ರತ್ನಿಗೆ ಹತ್ತು. ಮೊದಲು ನಾನು ಹಾಡಿದೆ. ಪೇಟಿ ಒಂದು ದಾರಿ ಹಿಡಿದರೆ ನಾನೊಂದು ದಾರಿ, ಸಂತೆಯಲ್ಲಿ ಹಗ್ಗ ಬಿಚ್ಚಿಕೊಂಡ ಕರುವಿನ ಹಾಗೆ. ಆಮೇಲೆ ರತ್ನಿ ಹಾಡಿದಳು. ಕಾಡಿನಲ್ಲಿ ದಾರಿ ತಪ್ಪಿದ ಹುಡುಗಿ ನವಿಲಿನ ಹತ್ತಿರ ಅಣ್ಣ ಹೋದ ದಾರಿ ಕೇಳುವ ಹಾಡು. ಅವಳು ಎರಡನೇ ಸಾಲಿಗೆ ಬರುವಷ್ಟರಲ್ಲಿ ಪೇಟಿ ನಿಂತಿತ್ತು. ಮಾಸ್ತರು ಬಾರಿಸುವುದನ್ನು ಬಿಟ್ಟು ಕೇಳುತ್ತ ಕೂತಿದ್ದರು.

“ಸಾಕವ್ವ. ಈಗ ಹಾಡಿದಾಕಿ ಹೊರಗ ಬಾ.”

ರತ್ನಿ ಚಿಲಕಕ್ಕೆ ಕೈ ಹಾಕಿದಳು. ನಾನು ಆ ಕೈ ಸರಿಸಿ ಹೊರಗೆ ಹೋದೆ.

ಯೋಚಿಸಿ ಮಾಡಿದ್ದಲ್ಲ ಎಂದು ಎಷ್ಟೋ ವರ್ಷ ಹೇಳಿಕೊಂಡಿದ್ದೇನೆ. ಸುಳ್ಳು. ಕೈ ಸರಿಸುವಷ್ಟು ಯೋಚನೆ ಇತ್ತು.

ತಾಲೀಮಿನಲ್ಲಿ ಮಾಸ್ತರು ಪೇಟಿ ಬಿಟ್ಟು ನನ್ನನ್ನೇ ನೋಡುತ್ತಿದ್ದರು.

“ಅವತ್ತಿನ ದನಿ ಎಲ್ಲಿಗೆ ಹೋತು?”

“ಗಂಟಲ ಕಟ್ಟೈತ್ರಿ.”

“ಹದಿನೈದು ದಿನ ಆತು. ಇದೇನು ಗಂಟಲೋ, ಗಾಡಿ ಕಟ್ಟಿದ ಎತ್ತೋ? ಬಿಚ್ಚಾಕ ಯಾರನ್ನ ಕರೀಬೇಕು?”

ಅಷ್ಟರಲ್ಲಿ ಕರಪತ್ರದಲ್ಲಿ ನನ್ನ ಹೆಸರು ಅಚ್ಚಾಗಿತ್ತು. ಕೊನೆಗೆ ಅಪ್ಪನೇ ದಾರಿ ತೋರಿಸಿದ: “ನಮ್ಮ ಸಣ್ಣಾಕಿನ್ನ ಪರದಿ ಹಿಂದ ಕುಂದ್ರಸ್ರಿ. ಆಕೀನೂ ಹಾಡ್ತಾಳ.” ರತ್ನಿ ಹಾಡಿ ತೋರಿಸಿದಳು. ಮಾಸ್ತರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಪೇಟಿ ಎಳೆದುಕೊಂಡರು.

ನಾಟಕದಲ್ಲಿ ಅವಳು ಪರದೆಯ ಹಿಂದೆ ಹಾಡಿದಳು, ನಾನು ಮುಂದೆ ನಿಂತು ತುಟಿ ಆಡಿಸಿದೆ. ಊರ ಹಿರಿಯರು ನನಗೆ ಸೇವಂತಿಗೆ ಹಾರ ಹಾಕಿದರು. ಮನೆಗೆ ಬಂದು ಅದನ್ನು ಅವಳ ಕೊರಳಿಗೆ ಹಾಕಲು ಹೋದೆ. “ಬ್ಯಾಡಕ್ಕ, ಚುಚ್ಚತೈತಿ” ಎಂದಳು. ಮುಂದಿನ ನಾಟಕ ಬರುವಷ್ಟರಲ್ಲಿ ಅವಳು ದೊಡ್ಡವಳಾಗಿದ್ದಳು. ಆಮೇಲೆ ಅವಳ ಹಾಡು ಕೇಳಿದ್ದು ತೊಟ್ಟಿಲಲ್ಲಿದ್ದ ಮಕ್ಕಳು ಮಾತ್ರ.

ನಿನ್ನೆ, ಫೋನಿನ ಹಾಡು ಮುಗಿದ ಮೇಲೆ, ನಾನು ಅವಳ ಮುಖ ನೋಡದೆ ಹೇಳಿದೆ: “ರತ್ನಿ, ಅವತ್ತು ಬಾಗ್ಲದಾಗ ನಿನ್ನ ಕೈ ಸರಿಸಿದ್ದು ತಪ್ಪಾತು.”

ಅವಳು ನಾಲ್ಕಾರು ಕಾಯಿ ಸುಲಿದಳು. “ಹೊರಗ ಹೋಗಬೇಕಂತ ಎರಡು ಜಡಿ ಹಾಕಿಸ್ಕೊಂಡಿದ್ದೆ” ಎಂದಳು. “ನೀನೇ ಹಾಕಿದ್ದಿ. ಬಾಳ ಬಿಗಿ ಹಾಕಿದ್ದಿ.”

ಅದನ್ನು ನಾನು ಮರೆತೇಬಿಟ್ಟಿದ್ದೆ.

“ಈಗ ಸರ್‌ಗೆ ಕಳಿಸ್ಲಾ ದೊಡ್ಡಜ್ಜಿ?” ಎಂದಳು ಹುಡುಗಿ.

“ತಡಿ. ಮೊದ್ಲು ನಿನ್ನ ಹೆಸರು ಹೇಳಿ ಆಮ್ಯಾಲ ಹಾಡು.”

“ನಂಬರ್ ನೋಡಿದ್ರ ಅವರಿಗೆ ಗೊತ್ತಾಗ್ತೈತಿ.”

“ಗೊತ್ತಾದ್ರೂ ಹೇಳು.”

ಅವಳು ಹೆಸರು ಹೇಳಿ, ಹಾಡಿ, ಮೇಷ್ಟ್ರಿಗೆ ಕಳಿಸಿದಳು. ನಾನು ಆ ಫೋನನ್ನು ಇಸಿದುಕೊಂಡು ರತ್ನಿಯ ಬಾಯಿಯ ಹತ್ತಿರ ಹಿಡಿದೆ. “ನೀನೂ ಹಾಡು. ನನ್ನ ಫೋನಿಗೆ ಬರ್ಲಿ.”

“ಹುಚ್ಚಿ ಅದಿ ನೀನು. ಮುಂದಿನ ಹಲ್ಲು ಎರಡೂ ಹೋಗ್ಯಾವ.”

“ಮಕ ಕಾಣಂಗಿಲ್ಲ ಬಿಡು.”

ಅವಳಿಗೆ ನಗು ಬಂತು. ಗುಂಡಿ ಒತ್ತಿ ಹಿಡಿದಿರಬೇಕು, ಬಿಟ್ಟರೆ ಹಾಡು ಅಲ್ಲಿಗೇ ನಿಲ್ಲುತ್ತದೆ ಎಂದು ಹುಡುಗಿ ಹೇಳಿಕೊಟ್ಟಳು. ನಾನು ಒತ್ತಿ ಹಿಡಿದೆ.

“ನಾನು ರತ್ನಮ್ಮ” ಎಂದಳು. ಗಂಟಲು ಸರಿಮಾಡಿಕೊಂಡು ನವಿಲನ್ನು ಅಣ್ಣ ಹೋದ ದಾರಿ ಕೇಳಿದಳು. ದನಿ ಅಲ್ಲಲ್ಲಿ ಒಡೆದಿತ್ತು, ಆದರೆ ಒಂದು ಸಾಲೂ ಮರೆತಿರಲಿಲ್ಲ.

“ಬೆರಳು ತೆಗಿ ಅಕ್ಕ” ಎಂದಳು ಸ್ವಲ್ಪ ಹೊತ್ತಾದ ಮೇಲೆ. “ಹಾಡು ಮುಗೀತು.”