ಕವಿಯ ಕಣ್ಣೀರೂ ಎಣ್ಣೆ ಬಟ್ಟಲೂ

ಪುಸ್ತಕ ಕೈಗೆ ಬಂದರೆ ನಾನು ಮೊದಲು ಓದುವುದು ಹಿಂಬದಿಯ ಲೇಖಕರ ಪರಿಚಯ. ಹುಟ್ಟಿದ್ದೆಲ್ಲಿ, ಹೊಟ್ಟೆಪಾಡಿಗೆ ಮಾಡಿದ್ದೇನು ಎಂದು ತಿಳಿಯದೆ ಒಂದು ಸಾಲೂ ನನ್ನ ತಲೆಗೆ ಹೋಗುವುದಿಲ್ಲ. ಹುಡುಗಿಯನ್ನು ನೋಡದೆ ಜಾತಕ ಬಿಡಿಸುವ ಚಾಳಿ ಇದು ಎಂದು ನನ್ನವಳು ಛೇಡಿಸುತ್ತಾಳೆ. ಆದರೂ ನೇಕಾರ ಕಟ್ಟಿದ ಪದದಲ್ಲಿ ಮಗ್ಗದ ಸದ್ದು ಕೇಳಿದಾಗ, ದನ ಕಾಯ್ದವನ ಹಾಡು ಬಯಲಿನುದ್ದ ಚಾಚಿಕೊಂಡಾಗ, ಬದುಕು ಹೀಗೆ ಅಕ್ಷರದೊಳಗೆ ನುಸುಳುವುದನ್ನು ಕಂಡು ಕೈಮುಗಿಯಬೇಕೆನಿಸುತ್ತದೆ.

ಈ ಚಾಳಿಯೇ ಹೋದ ತಿಂಗಳು ನನ್ನನ್ನು ಹಾವೇರಿಯಿಂದ ಬ್ಯಾಡಗಿಗೆ ಎಳೆದೊಯ್ದಿತು. ಅಲ್ಲಿನ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯಲ್ಲಿ ಜೀವಮಾನವೆಲ್ಲ ದುಡಿದ ಕವಿಯೊಬ್ಬರು ತೀರಿಕೊಂಡಿದ್ದರು. ಅವರ ನೆನಪಿನ ಸಭೆ, ಭಾಷಣ ನನ್ನದು. ಅವರ ಸಾಲುಗಳಿಗೆ ಊರಿನ ಮೆಣಸಿನಕಾಯಿಯ ಹಾಗೆಯೇ ಬಣ್ಣ ಹೆಚ್ಚು, ಖಾರ ಕಡಿಮೆ. ಆದರೆ ಪುಟಪುಟದಲ್ಲೂ ಯಾರೋ ಕಣ್ಣೊರೆಸಿಕೊಳ್ಳುತ್ತಿರುತ್ತಾರೆ. ಮನೆಯಲ್ಲಿ ಸುಖವಿರಲಿಲ್ಲ, ಅದಕ್ಕೇ ಅಷ್ಟು ಕಣ್ಣೀರು ಎಂದು ವಿಮರ್ಶಕರು ಬರೆದಿದ್ದರು. ನಾನೂ ಅದನ್ನೇ ಇನ್ನಷ್ಟು ಹಿಗ್ಗಿಸಿ, ಹಾಳೆ ಮಡಚಿ ಜೇಬಿಗಿಟ್ಟುಕೊಂಡಿದ್ದೆ. ಸಭೆಗೆ ಮೊದಲು ಅವರ ಮಡದಿ ಗಿರಿಜಕ್ಕನ ಮನೆಗೆ ಚಹಾಕ್ಕೆ ಹೋದೆ.

"ಮಾಸ್ತರ, ನೀವೂ ಅದನ್ನ ಹೇಳಾವ್ರೇನ್ರಿ?" ಎಂದು ನೇರವಾಗಿ ಕೇಳಿದರು. "ನಾ ಅವ್ರನ್ನ ಅಳಿಸೀನಿ ಅಂತ ಊರಿಗೆಲ್ಲ ಗೊತ್ತಾಗೇತಿ. ನನಗಷ್ಟ ಗೊತ್ತಿಲ್ಲ."

ಹೊಸ್ತಿಲ ಪಕ್ಕದ ಗೂಡು ತೋರಿಸಿದರು. ಅಲ್ಲೊಂದು ಎಣ್ಣೆ ಬಟ್ಟಲು. ಮೆಣಸಿನಕಾಯಿ ಮುಟ್ಟಿದ ಕೈಗೆ ಎಣ್ಣೆ ಸವರಿ, ತೊಳೆದುಕೊಂಡೇ ಒಳಗೆ ಬರುವುದು ಆ ಮನೆಯ ಪದ್ಧತಿ.

"ದಿನಾ ಅಲ್ಲೇ ಇಡ್ತಿದ್ದೆ. ಸಾಲು ಮರತು ಹೋಗ್ತಾವಂತ ಇವ್ರು ಕೈ ತೊಳೀದ ಹಂಗ ಬಂದು ಬರಿಯಾಕ ಕುಂದರೋರು. ಅದ ಕೈಲೇ ಕಣ್ಣು ತಿಕ್ಕೋಳೋರು. ಆಮ್ಯಾಲ ನೀರು ಬರದ ಇರತಾವೇನ್ರಿ? ನಾ ತಣ್ಣೀರಿನ ತಂಬಿಗಿ ಹಿಡಕೊಂಡು ಬಾಜೂಕ ನಿಂದರತಿದ್ದೆ."

ನನ್ನ ಭಾಷಣ ಜೇಬಿನಲ್ಲೇ ತೀರಿಕೊಂಡಿತು. ನಗು ಬಂತು, ಹಿಂದೆಯೇ ಸ್ವಲ್ಪ ನಿರಾಸೆಯೂ ಆಯಿತು. "ಅಂದ್ರ ಅಷ್ಟೂ ಕಣ್ಣೀರು ಬರೇ ಘಾಟೇನ್ರಿ, ಅಕ್ಕಾರ?"

"ಪ್ಯಾಟಿ ಮಂದಿಗೆಲ್ಲ ಕಣ್ಣಾಗ ನೀರು ಬರತಾವ್ರಿ. ಅದನ್ನ ಬರದಾವ್ರು ಇವ್ರೊಬ್ರ."

ಇಷ್ಟು ವರ್ಷ ಲೇಖಕರ ಪರಿಚಯ ಓದಿದ ನನಗೆ ಈ ಮಾತು ಹೊಳೆದಿರಲಿಲ್ಲ. ಆ ಮನುಷ್ಯನ ಮೇಲೆ ಗೌರವ ಇಮ್ಮಡಿಯಾಯಿತು.

ಸಭೆಯಲ್ಲಿ ಬಟ್ಟಲು ಮತ್ತು ತಂಬಿಗೆಯ ಕಥೆಯನ್ನೇ ಹೇಳಿದೆ. ಕವಿಯ ಬದುಕು ಎಂದರೆ ದುಃಖವನ್ನೇ ಹುಡುಕುವ ನಮಗೆ, ಪಕ್ಕದಲ್ಲಿ ನೀರು ಹಿಡಿದು ನಿಂತವರು ಯಾಕೆ ಕಾಣಲಿಲ್ಲವೋ ಎಂದೆ. ಮುಂದಿನ ಸಾಲಿನಲ್ಲಿ ಗಿರಿಜಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ವೇದಿಕೆ ಇಳಿದು ಹತ್ತಿರ ಹೋದಾಗ, ಕೇಳುವ ಮೊದಲೇ ಹೇಳಿದರು:

"ಹೊರಗ ಮೆಣಸಿನಕಾಯಿ ಲಾರಿ ಹೋತ್ರಿ, ಮಾಸ್ತರ."

ಹೌದೆಂದೆ. ಹೊರಗೆ ಹೋಗಿ ನೋಡಲಿಲ್ಲ.