ಗಾಳಿ ಬಂದ ದಿಕ್ಕು

ಬೆಳಗಿನ ಐದೂವರೆ. ತಗಡಿನ ಶೆಡ್ಡಿನಲ್ಲಿ ಆಳೆತ್ತರದ ಬಿಳಿ ಬಲೂನು ಹೈಡ್ರೋಜನ್ ಕುಡಿದು ಉಬ್ಬುತ್ತಿದೆ. ಅದರ ಕುತ್ತಿಗೆ ಹಿಡಿದು ನಿಂತವರು ಹವಾಮಾನ ಕೇಂದ್ರದ ಬಲೂನಕ್ಕ. ಮೈಮೇಲೆ ಬರೀ ಹತ್ತಿ ಬಟ್ಟೆ. ನೈಲಾನ್ ಬಟ್ಟೆ ಉಜ್ಜಿ ಒಂದು ಕಿಡಿ ಹಾರಿದರೂ ಶೆಡ್ಡೇ ಉಳಿಯುವುದಿಲ್ಲ. ಆ ಬಟ್ಟೆ ಹೊಲಿಯುವವರು ದರ್ಜಿಯಾದ ಗಂಡ. "ಬೀದಿ ಸುದ್ದಿ ಕೇಳಿ, ಇವಳಿಗೆ ಒಂದೂ ಗೊತ್ತಿರಲ್ಲ. ಮೋಡದಾಚೆದು ಮಾತ್ರ ಬಾಯಿಪಾಠ" ಎಂದು ಅವರ ತಮಾಷೆ.

ಹೊರಗೆ ಬಂದು ಕೈ ಬಿಡುತ್ತಾರೆ. ದಾರದ ತುದಿಯ ಪುಟ್ಟ ಪೆಟ್ಟಿಗೆಯನ್ನು ಎತ್ತಿಕೊಂಡು ಬಲೂನು ಏರುತ್ತದೆ. ಮೂವತ್ತು ಕಿಲೋಮೀಟರ್ ಎತ್ತರದಲ್ಲಿ ಅದು ಮನೆಯಷ್ಟು ಹಿಗ್ಗಿ ಒಡೆಯುವವರೆಗೆ ಪೆಟ್ಟಿಗೆ ಸಂಕೇತ ಕಳಿಸುತ್ತಲೇ ಇರುತ್ತದೆ. ಅದರಿಂದ ಗಾಳಿಯ ದಿಕ್ಕು ಲೆಕ್ಕ ಹಾಕಿ ರಿಜಿಸ್ಟರಿನಲ್ಲಿ ಬರೆದು, ಮುಖ್ಯ ಕಚೇರಿಗೆ ಫೋನಿನಲ್ಲಿ ಓದಬೇಕು. ಇಪ್ಪತ್ತೇಳು ವರ್ಷ, ಒಂಬತ್ತು ಸಾವಿರಕ್ಕೂ ಹೆಚ್ಚು ಬಲೂನು.

"ಕೆಳಗಿನ ಗಾಳಿ ಗಳಿಗೆಗೊಂದು ಬಣ್ಣ. ಮೇಲಿನದು ಹಾಗಲ್ಲ ಕಣ್ರೀ. ಒಂದು ವರ್ಷಕ್ಕೂ ಹೆಚ್ಚು ಪೂರ್ವದಿಂದ ಬೀಸುತ್ತೆ, ಆಮೇಲೆ ಅಷ್ಟೇ ಕಾಲ ಪಶ್ಚಿಮದಿಂದ. ಎರಡೂ ಸೇರಿ ಹೆಚ್ಚುಕಮ್ಮಿ ಎರಡೂಕಾಲು ವರ್ಷ. ಅದಕ್ಕೆ ಯಾರು ಹೇಳ್ಕೊಟ್ರೋ!" ಎನ್ನುವಾಗ ಅವರ ಮುಖ ತಾನಾಗಿ ಮೇಲಕ್ಕೆ ತಿರುಗುತ್ತದೆ.

ಕಳೆದ ವರ್ಷ ಒಂದು ಬೆಳಗ್ಗೆ, ಪಶ್ಚಿಮದ ಸರದಿ ಇನ್ನೂ ನಡೆಯುತ್ತಿರುವಾಗಲೇ, ಇಪ್ಪತ್ತೆರಡನೇ ಕಿಲೋಮೀಟರಿನಲ್ಲಿ ಗಾಳಿ ಪೂರ್ವದಿಂದ ಬಂತು. ಅದರ ಮೇಲೂ ಪಶ್ಚಿಮ, ಕೆಳಗೂ ಪಶ್ಚಿಮ.

ಫೋನಿನಲ್ಲಿ ಮುಖ್ಯ ಕಚೇರಿಯ ಸಾಹೇಬರು ನಕ್ಕರು. "ಏನಕ್ಕಾ, ಮತ್ತೆ ಮೊದಲನೇ ವಾರದ ತಪ್ಪಾ?"

ಗಾಳಿಗೆ ಅದು ಬಂದ ದಿಕ್ಕಿನ ಹೆಸರು. ಹೊಸಬರು ಹೋಗುವ ದಿಕ್ಕನ್ನು ಬರೆದುಬಿಡುತ್ತಾರೆ. ಕೆಲಸಕ್ಕೆ ಸೇರಿದ ವಾರ ಬಲೂನಕ್ಕನೂ ಹಾಗೇ ಬರೆದಿದ್ದರು. ಕಚೇರಿಯಲ್ಲಿ ಆ ಕಥೆ ಇನ್ನೂ ಹಳಸಿಲ್ಲ.

"ಪಶ್ಚಿಮ ಅಂತ ತಿದ್ದಿಬಿಡಿ."

"ತಿದ್ದಲ್ಲ ಸಾರ್. ಇನ್ನೊಂದು ಬಿಡ್ತೀನಿ. ನನ್ನ ತಪ್ಪಾದ್ರೆ ನಾಳೆಯಿಂದ ಬೇರೆಯವರನ್ನ ನೋಡ್ಕೊಳ್ಳಿ."

"ಸರಿ, ಅಲ್ಲೀವರೆಗೆ ಪಕ್ಕದಲ್ಲಿ 'ಸಂಶಯ' ಅಂತಾದ್ರೂ ಬರೀರಿ."

ಬಲೂನಕ್ಕ ಪೆನ್ಸಿಲಿನಲ್ಲಿ ಬರೆದರು. ನಿವೃತ್ತಿಗೆ ಎರಡೇ ವರ್ಷವಿದ್ದಾಗ ಕೆಲಸವನ್ನೇ ಪಣಕ್ಕಿಟ್ಟಿದ್ದರು. "ಬಾಯಿಂದ ಬಂದುಬಿಟ್ಟಿತ್ತು. ಎರಡನೇದು ಬಿಡೋ ಮುಂಚೆ ದಾರದ ಗಂಟು ಮೂರು ಸಲ ನೋಡ್ದೆ" ಎನ್ನುತ್ತಾರೆ. ಇಪ್ಪತ್ತೆರಡನೇ ಕಿಲೋಮೀಟರ್ ಮುಟ್ಟಿದ ಆ ಬಲೂನೂ ಪೂರ್ವದ ಗಾಳಿಗೆ ಸಿಕ್ಕಿ ಪಶ್ಚಿಮಕ್ಕೆ ಹೊರಟಿತು. ವಾರದೊಳಗೆ ದೂರದ ಕೇಂದ್ರಗಳಿಂದಲೂ ಅದೇ ಸುದ್ದಿ.

ಗಾಳಿ ಹೀಗೇಕೆ ಮಾಡಿತು? "ಅಯ್ಯೋ, ನಂಗೇನ್ ಗೊತ್ತು? ಅಷ್ಟು ವರ್ಷದ ಗುರುತು ಅಂದ್ಕೊಂಡಿದ್ದೆ. ಅದು ನನ್ನನ್ನೂ ಕೇಳ್ಲಿಲ್ಲ, ಸಾಹೇಬ್ರನ್ನೂ ಕೇಳ್ಲಿಲ್ಲ."

ಆ ಸುದ್ದಿ ಬಂದ ಮೇಲೆ ಸಾಹೇಬರೇ ಕೇಂದ್ರಕ್ಕೆ ಬಂದು, ರಬ್ಬರ್ ಮುಂದಿಟ್ಟು, "ಆ 'ಸಂಶಯ' ಒರೆಸಿಬಿಡಿ ಅಕ್ಕಾ" ಎಂದರಂತೆ. ಅಕ್ಕ ಒರೆಸಲಿಲ್ಲ. ಈಗಲೂ ಆ ಪುಟ ತೆಗೆದು ತೋರಿಸುತ್ತಾರೆ.

"ಇರ್ಲಿ ಬಿಡಿ. ಸಂಶಯ ನಮ್ಮದು, ಗಾಳಿ ಅದರದು. ಎರಡೂ ಒಂದೇ ಸಾಲಲ್ಲಿ ಇರ್ಲಿ."